ಹಣಕಾಸು ಪ್ರಶ್ನೋತ್ತರ: ಕ್ಯಾಶ್‌ಬ್ಯಾಕ್ ಕರಗುತ್ತಿರುವಾಗ ಯಾವ ಕಾರ್ಡ್?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕ್ರೆಡಿಟ್ ಕಾರ್ಡ್‌ಗಳ ಕ್ಯಾಶ್‌ಬ್ಯಾಕ್ ದರ ಇಳಿದಿರುವ ಬಗ್ಗೆಯೇ ಇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇನೆ. ಉದಾಹರಣೆಗಳಲ್ಲಿ ನಾಣ್ಯದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಮೊತ್ತಗಳನ್ನು ಯಾವ ನಾಣ್ಯದಲ್ಲಿ ಓದಿಕೊಂಡರೂ ಲೆಕ್ಕ ಬದಲಾಗುವುದಿಲ್ಲ.

ಪ್ರಶ್ನೆ: ಐದು ವರ್ಷಗಳಿಂದ ಒಂದೇ ಕ್ರೆಡಿಟ್ ಕಾರ್ಡ್ ಬಳಸುತ್ತಿದ್ದೇನೆ. ಎಲ್ಲ ಖರ್ಚಿಗೂ ಶೇ 2ರಷ್ಟು ಕ್ಯಾಶ್‌ಬ್ಯಾಕ್ ಬರುತ್ತಿತ್ತು. ಈಚೆಗೆ ಅದನ್ನು ಶೇ 1ಕ್ಕೆ ಇಳಿಸಿದ್ದಾರೆ. ವಾರ್ಷಿಕ ಶುಲ್ಕ ಮಾತ್ರ ಮೊದಲಿನಂತೆ 1,000 ಇದೆ. ತಿಂಗಳ ಖರ್ಚು ಸುಮಾರು 25,000. ಅದರಲ್ಲಿ 8,000 ಆನ್‌ಲೈನ್ ಖರೀದಿ, 10,000 ದಿನಸಿ ಮತ್ತಿತರ ಅಂಗಡಿ ಖರ್ಚು, ಉಳಿದ 7,000 ಬಾಡಿಗೆ ಮತ್ತು ವಿಮೆಯ ಕಂತು. ಬಿಲ್ಲನ್ನು ಪ್ರತಿ ತಿಂಗಳೂ ಪೂರ್ತಿ ಕಟ್ಟುತ್ತೇನೆ. ಬೇರೊಂದು ಬ್ಯಾಂಕಿನವರು ಶೇ 5ರ ಕಾರ್ಡ್ ಕೊಡುತ್ತೇವೆಂದು ಮೇಲಿಂದ ಮೇಲೆ ಕರೆ ಮಾಡುತ್ತಿದ್ದಾರೆ. ಬದಲಾಯಿಸಿಕೊಳ್ಳಲೇ?

ಉತ್ತರ: ಖರ್ಚನ್ನು ಹೀಗೆ ಬಿಡಿಸಿ ಬರೆದು ಕಳಿಸಿದ್ದಕ್ಕೆ ಧನ್ಯವಾದ. ಈ ಕೆಲಸವನ್ನು ಹೆಚ್ಚಿನವರು ಮಾಡುವುದಿಲ್ಲ. ಮಾಡಿದವರಿಗೆ ಅರ್ಧ ಉತ್ತರ ತಾನಾಗಿಯೇ ಸಿಕ್ಕಿರುತ್ತದೆ.

ಮೊದಲು ನಿಮ್ಮ ಹಳೆಯ ಕಾರ್ಡ್ ಈಗ ಏನಾಗಿದೆ ಎಂಬುದನ್ನು ನೋಡೋಣ. ವರ್ಷದ ಖರ್ಚು 3,00,000. ಶೇ 2ರ ಕಾಲದಲ್ಲಿ 6,000 ಮರಳಿ ಬರುತ್ತಿತ್ತು. ಶುಲ್ಕ ಕಳೆದು ಕೈಗೆ ಉಳಿಯುತ್ತಿದ್ದದ್ದು 5,000. ಈಗ ಬರುವುದು 3,000, ಉಳಿಯುವುದು 2,000. ಬ್ಯಾಂಕಿನ ಪತ್ರದಲ್ಲಿ ದರ ಅರ್ಧಕ್ಕೆ ಇಳಿದಿದೆ ಎಂದಷ್ಟೇ ಇರುತ್ತದೆ, ಆದರೆ ನಿಮ್ಮ ಕೈಗೆ ಬರುವುದು ಐದರಲ್ಲಿ ಎರಡು ಪಾಲಿಗೆ ಕುಸಿದಿದೆ. ಶುಲ್ಕ ಎಂಬುದು ಗೂಟದಂತೆ ನೆಟ್ಟಲ್ಲೇ ನಿಂತಿರುವಾಗ ದರ ಮಾತ್ರ ಜಾರಿದರೆ ಆಗುವುದು ಹೀಗೆಯೇ. ಹೀಗಾಗಿ ದರ ಇಳಿಯುವ ಕಾಲದಲ್ಲಿ ನಾನು ಮೊದಲು ನೋಡುವುದು ಶೇಕಡಾವಾರನ್ನಲ್ಲ, ಶುಲ್ಕವನ್ನು. ಶುಲ್ಕದ ಮೇಲೆ ತೆರಿಗೆಯೂ ಬೀಳುವ ಕಡೆ ಅದನ್ನೂ ಸೇರಿಸಿಕೊಳ್ಳಬೇಕು.

ಇನ್ನು ಶೇ 5ರ ಕಾರ್ಡ್. ನೀವು ಪತ್ರದೊಡನೆ ಕಳಿಸಿದ ನಿಯಮಗಳ ಪುಟದ ಪ್ರಕಾರ ಅದರ ವಾರ್ಷಿಕ ಶುಲ್ಕ 1,500. ಶೇ 5 ಸಿಗುವುದು ಆನ್‌ಲೈನ್ ಖರೀದಿಗೆ ಮಾತ್ರ, ಅದೂ ತಿಂಗಳಿಗೆ 500ರ ಮಿತಿಯೊಳಗೆ. ಅಂಗಡಿ ಖರ್ಚಿಗೆ ಶೇ 0.5. ಬಾಡಿಗೆ, ವಿಮೆ, ಇಂಧನ, ವಾಲೆಟ್‌ಗೆ ತುಂಬಿಸುವ ಹಣ ಇವಕ್ಕೆ ಏನೂ ಇಲ್ಲ. ನಿಮ್ಮ 8,000ಕ್ಕೆ 400 ಬರುತ್ತದೆ, 10,000ಕ್ಕೆ 50 ಬರುತ್ತದೆ, 7,000ಕ್ಕೆ ಸೊನ್ನೆ. ವರ್ಷಕ್ಕೆ 5,400 ಆಯಿತು. ಶುಲ್ಕ ಕಳೆದರೆ 3,900. ಒಟ್ಟು ಖರ್ಚಿಗೆ ಹೋಲಿಸಿದರೆ ಇದು ಶೇ 1.3. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿದ್ದ 5, ನಿಮ್ಮ ಮನೆಗೆ ತಲುಪುವ ಹೊತ್ತಿಗೆ 1.3 ಆಗಿರುತ್ತದೆ. ಹಾಗಿದ್ದರೂ ಹಳೆಯ ಕಾರ್ಡಿನ 2,000ಕ್ಕಿಂತ ಇದು ಹೆಚ್ಚೇ.

ಇಲ್ಲಿಗೆ ನಿಲ್ಲಿಸಿಬಿಟ್ಟರೆ ಉತ್ತರ ಸುಲಭ. ಆದರೆ ಮೂರನೆಯ ಕಾರ್ಡೊಂದನ್ನು ಪಕ್ಕದಲ್ಲಿಟ್ಟು ನೋಡಬೇಕು: ವಾರ್ಷಿಕ ಶುಲ್ಕವೇ ಇಲ್ಲದ, ಬಾಡಿಗೆ ಮತ್ತು ವಿಮೆಯನ್ನು ಬಿಟ್ಟು ಉಳಿದೆಲ್ಲದಕ್ಕೂ ಶೇ 1 ಕೊಡುವ ಸಾದಾ ಕಾರ್ಡ್. ನಿಮ್ಮ 18,000ಕ್ಕೆ ತಿಂಗಳಿಗೆ 180, ವರ್ಷಕ್ಕೆ 2,160. ಅಂದರೆ ಎಲ್ಲ ಖರ್ಚಿಗೂ ಶೇ 1 ಕೊಡುವ ನಿಮ್ಮ ಹಳೆಯ ಕಾರ್ಡಿಗಿಂತ, ಕೆಲವು ಖರ್ಚುಗಳನ್ನು ಹೊರಗಿಟ್ಟ ಈ ಬಡಪಾಯಿ ಕಾರ್ಡೇ ಈಗ 160ರಷ್ಟು ಮುಂದಿದೆ. ಹಳೆಯದನ್ನು ಇಟ್ಟುಕೊಳ್ಳಲು ಕಾರಣ ಉಳಿಯಲಿಲ್ಲ.

ಈಗ ಶೇ 5ರ ಕಾರ್ಡನ್ನು ಇನ್ನೊಂದು ಪರೀಕ್ಷೆಗೆ ಒಡ್ಡೋಣ. ದರ ಕಡಿತ ಆರಂಭವಾದಾಗ ಮೊದಲ ಏಟು ಬೀಳುವುದು ಸಾಮಾನ್ಯವಾಗಿ ಜಾಹೀರಾತಿನಲ್ಲಿ ಎದ್ದು ಕಾಣುವ ಅಂಕಿಗೇ, ಏಕೆಂದರೆ ಬ್ಯಾಂಕಿಗೆ ಹೆಚ್ಚು ದುಬಾರಿಯಾಗುವುದು ಅದೇ. ಆ ಶೇ 5 ನಾಳೆ ಶೇ 3 ಆಯಿತೆಂದು ಇಟ್ಟುಕೊಳ್ಳಿ. ಆನ್‌ಲೈನ್ ಖರೀದಿಗೆ 240, ಅಂಗಡಿ ಖರ್ಚಿಗೆ 50, ವರ್ಷಕ್ಕೆ 3,480; ಶುಲ್ಕ ಕಳೆದು 1,980. ಸಾದಾ ಕಾರ್ಡ್ 2,160 ಕೊಡುತ್ತಲೇ ಇದೆ. ಎರಡೇ ಶೇಕಡಾ ಕಡಿತಕ್ಕೆ ಮೇಲಿದ್ದದ್ದು ಕೆಳಗಾಯಿತು. ಹೊಸ ಕಾರ್ಡ್ ತೆಗೆದುಕೊಳ್ಳುವ ಮುನ್ನ ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕೆಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ, ಏಕೆಂದರೆ ಶುಲ್ಕವನ್ನು ನೀವು ವರ್ಷದ ಆರಂಭದಲ್ಲೇ ಕಟ್ಟಿರುತ್ತೀರಿ, ದರವನ್ನಾದರೋ ಬ್ಯಾಂಕು ನಡುವರ್ಷದಲ್ಲಿ ಒಂದು ಸೂಚನೆ ಕಳಿಸಿ ಬದಲಾಯಿಸಬಹುದು.

ನನ್ನ ಸಲಹೆ ಇಷ್ಟು. ಹಳೆಯ ಕಾರ್ಡಿನ ಬದಲು ಶುಲ್ಕವಿಲ್ಲದ ಸಾದಾ ಕಾರ್ಡನ್ನು ಆಧಾರವಾಗಿ ಇಟ್ಟುಕೊಳ್ಳಿ. ಶೇ 5ರ ಕಾರ್ಡನ್ನು ಆನ್‌ಲೈನ್ ಖರೀದಿಗೆಂದೇ ತೆಗೆದುಕೊಳ್ಳಬಹುದು. ಆಗ ಅದರಿಂದ ವರ್ಷಕ್ಕೆ 4,800 ಬಂದು ಶುಲ್ಕ ಕಳೆದು 3,300 ಉಳಿಯುತ್ತದೆ, ಅಂಗಡಿ ಖರ್ಚಿಗೆ ಸಾದಾ ಕಾರ್ಡಿನಿಂದ 1,200 ಬರುತ್ತದೆ, ಒಟ್ಟು 4,500. ಮೊದಲಿನ 5,000 ಮರಳಿ ಬರಲಿಲ್ಲ ನಿಜ, ಆದರೆ ಅದರ ಸಮೀಪಕ್ಕೆ ಬಂದಿರಿ. ಬಾಡಿಗೆ ಮತ್ತು ವಿಮೆಯನ್ನು ಬ್ಯಾಂಕ್ ಖಾತೆಯಿಂದ ನೇರವಾಗಿ ಕಟ್ಟಿ. ಬಹುಮಾನವಿಲ್ಲದ ಪಾವತಿಯನ್ನು ಕಾರ್ಡಿನಲ್ಲಿ ಮಾಡಿ, ಮೇಲೆ ಸೇವಾಶುಲ್ಕವನ್ನೂ ತೆರುವುದರಲ್ಲಿ ಅರ್ಥವಿಲ್ಲ. ಎರಡನೆಯ ವರ್ಷದ ಶುಲ್ಕ ಬೀಳುವ ತಿಂಗಳಿಗೆ ಮುನ್ನ ಇದೇ ಲೆಕ್ಕವನ್ನು ಹೊಸ ದರದಲ್ಲಿ ಮತ್ತೆ ಮಾಡಿ.

500ರ ಮಿತಿಯ ಬಗ್ಗೆ ಒಂದು ಮಾತು ಉಳಿಯಿತು. ಯಾವುದೋ ತಿಂಗಳು ನೀವು 20,000ದ ವಸ್ತುವನ್ನು ಆನ್‌ಲೈನ್‌ನಲ್ಲಿ ಕೊಂಡರೆ ಶೇ 5ರ ಲೆಕ್ಕದಲ್ಲಿ 1,000 ಬರಬೇಕು, ಮಿತಿಯಿಂದಾಗಿ 500 ಮಾತ್ರ ಬರುತ್ತದೆ. ಆ ತಿಂಗಳ ನಿಜವಾದ ದರ ಶೇ 2.5. ಮಿತಿಯನ್ನು ಕ್ಯಾಲೆಂಡರ್ ತಿಂಗಳಿಗೆ ಎಣಿಸುತ್ತಾರೋ ಬಿಲ್ಲಿನ ಅವಧಿಗೆ ಎಣಿಸುತ್ತಾರೋ ಎಂಬುದು ನಿಯಮದಲ್ಲಿ ಬರೆದಿರುತ್ತದೆ. ಅದು ತಿಳಿದಿದ್ದರೆ ಎರಡು ದೊಡ್ಡ ಖರೀದಿಗಳ ನಡುವೆ ನಾಲ್ಕು ದಿನ ಕಾದು ಎರಡೂ ಅವಧಿಗಳ ಮಿತಿಯನ್ನು ಬಳಸಿಕೊಳ್ಳಬಹುದು.

ಪ್ರಶ್ನೆ: ಕಾರ್ಡ್ ಮಾರುವಾಗ ಒಂದು ದರ ಹೇಳಿ, ಜನ ಸೇರಿದ ಮೇಲೆ ಅದನ್ನು ಇಳಿಸುವುದು ಮೋಸವಲ್ಲವೇ? ಅಷ್ಟಕ್ಕೂ ಈ ಹಣ ಎಲ್ಲಿಂದ ಬರುತ್ತದೆ, ಈಗ ಏಕೆ ಕಡಿಮೆಯಾಗುತ್ತಿದೆ?

ಉತ್ತರ: ದರ ಬದಲಾಯಿಸುವ ಹಕ್ಕನ್ನು ಬ್ಯಾಂಕುಗಳು ಒಪ್ಪಂದದಲ್ಲೇ ಬರೆದುಕೊಂಡಿರುತ್ತವೆ, ನಾವು ಓದದೆ ಸಹಿ ಮಾಡಿರುತ್ತೇವೆ. ಮೋಸ ಎನ್ನಲಾಗದು, ನಿಮ್ಮ ಬೇಸರ ಮಾತ್ರ ನ್ಯಾಯವಾದದ್ದೇ.

ಹಣದ ಮೂಲ ತಿಳಿದರೆ ಕಡಿತದ ಕಾರಣವೂ ತಿಳಿಯುತ್ತದೆ. ನೀವು ಅಂಗಡಿಯಲ್ಲಿ ಕಾರ್ಡ್ ಉಜ್ಜಿ 100 ಕೊಟ್ಟಾಗ ಅಂಗಡಿಯವರಿಗೆ ಪೂರ್ತಿ 100 ಸೇರುವುದಿಲ್ಲ. ಅವರ ಬ್ಯಾಂಕು, ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನಂತಹ ಜಾಲ, ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕು, ಈ ಮೂವರೂ ಅದರಲ್ಲಿ ಒಂದಿಷ್ಟು ಮುರಿದುಕೊಳ್ಳುತ್ತಾರೆ. ಆ ಕಡಿತದಲ್ಲಿ ನಿಮ್ಮ ಬ್ಯಾಂಕಿಗೆ ಸಲ್ಲುವ ಪಾಲಿಗೆ ಇಂಟರ್‌ಚೇಂಜ್ ಎನ್ನುತ್ತಾರೆ. ಸಾಮಾನ್ಯವಾಗಿ ದೊಡ್ಡ ಪಾಲು ಅದೇ. ಕ್ಯಾಶ್‌ಬ್ಯಾಕ್ ಎಂದು ನಿಮಗೆ ಮರಳಿ ಬರುವುದರಲ್ಲಿ ಬಹುಭಾಗ ಈ ಇಂಟರ್‌ಚೇಂಜ್‌ನ ತುಣುಕು. ಉಳಿದದ್ದು ವಾರ್ಷಿಕ ಶುಲ್ಕಗಳಿಂದ ಮತ್ತು ಬಿಲ್ಲನ್ನು ಪೂರ್ತಿ ಕಟ್ಟದವರು ತೆರುವ ಬಡ್ಡಿಯಿಂದ ಬರುತ್ತದೆ. ಬಿಲ್ಲು ಪೂರ್ತಿ ಕಟ್ಟುವವರಿಗೆ ಸಿಗುವ ಬಹುಮಾನದ ಒಂದು ಪಾಲನ್ನು ಕಟ್ಟಲಾಗದವರು ಕೊಡುತ್ತಿರುತ್ತಾರೆ ಎಂಬುದು ಈ ವ್ಯವಹಾರದ ಅಷ್ಟೇನೂ ಸುಂದರವಲ್ಲದ ಮುಖ.

1986ರಲ್ಲಿ ಅಮೆರಿಕದಲ್ಲಿ ಡಿಸ್ಕವರ್ ಕಾರ್ಡ್ ಬಂದಾಗ ಖರ್ಚಿನ ಸಣ್ಣ ಪಾಲನ್ನು ಗ್ರಾಹಕರಿಗೆ ಹಿಂದಿರುಗಿಸುವುದೇ ಒಂದು ಹೊಸ ಸಂಗತಿಯಾಗಿತ್ತು. ಮುಂದೆ ಎಲ್ಲರೂ ಕೊಡತೊಡಗಿದರು, ಕೊಡುವುದಕ್ಕಾಗಿ ಅಂಗಡಿಗಳಿಂದ ಪಡೆಯುವುದೂ ಹೆಚ್ಚಿತು, ಅಂಗಡಿಯವರು ತಕರಾರು ತೆಗೆದರು, ಸರ್ಕಾರಗಳು ನಡುವೆ ಬಂದವು. ಆಸ್ಟ್ರೇಲಿಯಾದ ರಿಸರ್ವ್ ಬ್ಯಾಂಕ್ 2003ರಲ್ಲಿ ಕ್ರೆಡಿಟ್ ಕಾರ್ಡ್ ಇಂಟರ್‌ಚೇಂಜ್‌ಗೆ ಮಿತಿ ಹಾಕಿತು. ಅದುವರೆಗೆ ಸರಾಸರಿ ಶೇ 0.95ರ ಆಸುಪಾಸಿನಲ್ಲಿದ್ದದ್ದು ಶೇ 0.55ರ ಸುಮಾರಿಗೆ ಇಳಿಯಿತು, ಅದರ ಬೆನ್ನಿಗೇ ಅಲ್ಲಿನ ಕಾರ್ಡ್‌ಗಳ ಬಹುಮಾನವೂ ತೆಳುವಾಯಿತು. ಐರೋಪ್ಯ ಒಕ್ಕೂಟ 2015ರ ಡಿಸೆಂಬರ್‌ನಿಂದ ಡೆಬಿಟ್ ಕಾರ್ಡಿಗೆ ಶೇ 0.2, ಕ್ರೆಡಿಟ್ ಕಾರ್ಡಿಗೆ ಶೇ 0.3ರ ಮಿತಿ ಹಾಕಿತು. ಬ್ಯಾಂಕಿಗೆ ಬರುವುದೇ ಶೇ 0.3 ಆದಾಗ ಅದು ಗ್ರಾಹಕರಿಗೆ ಶೇ 1 ಕೊಡಬೇಕೆಂದರೆ ಉಳಿದದ್ದನ್ನು ಬೇರೆಲ್ಲಿಂದಲೋ ತರಬೇಕು. ಅಮೆರಿಕದಲ್ಲಿ 2011ರ ಅಕ್ಟೋಬರ್‌ನಿಂದ ದೊಡ್ಡ ಬ್ಯಾಂಕುಗಳ ಡೆಬಿಟ್ ಕಾರ್ಡಿಗೆ ಮಾತ್ರ ಮಿತಿ ಬಂತು. ಡೆಬಿಟ್ ಕಾರ್ಡ್ ಬಹುಮಾನಗಳು ಬಹುಮಟ್ಟಿಗೆ ಮಾಯವಾದವು, ಮಿತಿಯಿಲ್ಲದ ಕ್ರೆಡಿಟ್ ಕಾರ್ಡಿನವು ಉಳಿದುಕೊಂಡವು.

ಕಾನೂನಿನ ಒತ್ತಡ ಇಲ್ಲದ ಕಡೆಯೂ ದರ ಇಳಿಯುತ್ತದೆ. ಹೊಸ ಕಾರ್ಡೊಂದು ಮಾರುಕಟ್ಟೆಗೆ ಬಂದಾಗ ಜನರನ್ನು ಸೇರಿಸಲು ನಷ್ಟವನ್ನು ಸಹಿಸಿಯಾದರೂ ಹೆಚ್ಚು ಕೊಡುತ್ತಾರೆ. ಸೇರಿದವರಲ್ಲಿ ಲೆಕ್ಕ ಬಲ್ಲವರೇ ಹೆಚ್ಚಾಗಿ, ಬಹುಮಾನ ಬರುವ ಖರ್ಚನ್ನಷ್ಟೇ ಆ ಕಾರ್ಡಿನಲ್ಲಿ ಮಾಡತೊಡಗಿದರೆ ಬ್ಯಾಂಕಿಗೆ ತಡೆಯುವುದಿಲ್ಲ. ಇಂಧನ, ವಿಮೆ, ತೆರಿಗೆ, ಸಾರ್ವಜನಿಕ ಸೇವೆಗಳ ಬಿಲ್ಲು ಮೊದಲಾದವನ್ನು ಹೊರಗಿಡುವುದಕ್ಕೂ ಕಾರಣ ಇದೇ ಲೆಕ್ಕ: ಇಂತಹ ಪಾವತಿಗಳಲ್ಲಿ ಬ್ಯಾಂಕಿಗೆ ಸಿಗುವ ಪಾಲು ಅನೇಕ ಕಡೆ ಬಹಳ ಕಡಿಮೆ.

ಪ್ರಶ್ನೆ: ನನ್ನ ಕಾರ್ಡಿನಲ್ಲಿ 40,000 ರಿವಾರ್ಡ್ ಪಾಯಿಂಟ್ ಸೇರಿವೆ. ಒಳ್ಳೆಯದೊಂದು ಪ್ರವಾಸಕ್ಕೆ ಬಳಸೋಣವೆಂದು ಕೂಡಿಡುತ್ತಿದ್ದೆ. ಒಂದು ಪಾಯಿಂಟಿಗೆ 0.50 ಇದ್ದ ಬೆಲೆಯನ್ನು ಈಗ 0.25 ಮಾಡಿದ್ದಾರೆ. ಮುಂದೆಯೂ ಪಾಯಿಂಟಿನ ಕಾರ್ಡನ್ನೇ ಇಟ್ಟುಕೊಳ್ಳಲೇ, ಕ್ಯಾಶ್‌ಬ್ಯಾಕ್ ಕಾರ್ಡಿಗೆ ಹೋಗಲೇ?

ಉತ್ತರ: ನಿಮ್ಮ 20,000 ರಾತ್ರಿ ಬೆಳಗಾಗುವುದರೊಳಗೆ 10,000 ಆಯಿತು. ನೀವು ಖರ್ಚು ಮಾಡಲಿಲ್ಲ, ಯಾರೂ ಕದಿಯಲಿಲ್ಲ. ಪಾಯಿಂಟ್ ಎಂಬುದು ಬ್ಯಾಂಕು ತಾನೇ ಅಚ್ಚು ಹಾಕುವ ನಾಣ್ಯ. ಅದರ ವಿನಿಮಯ ದರವನ್ನೂ ಅದೇ ನಿಗದಿ ಮಾಡುತ್ತದೆ. ಕ್ಯಾಶ್‌ಬ್ಯಾಕಿನಲ್ಲಿ ಕಡಿತವಾದರೆ ಮುಂದಿನ ಖರ್ಚಿಗೆ ಮಾತ್ರ ತಟ್ಟುತ್ತದೆ, ಖಾತೆಗೆ ಬಂದದ್ದು ನಿಮ್ಮದೇ. ಪಾಯಿಂಟಿನಲ್ಲಿ ಕಡಿತವಾದರೆ ಹಿಂದಿನ ವರ್ಷಗಳ ಗಳಿಕೆಗೂ ತಟ್ಟುತ್ತದೆ. ಹಾಗಾಗಿ ಪಾಯಿಂಟುಗಳನ್ನು ಉಳಿತಾಯ ಖಾತೆಯಂತೆ ಕೂಡಿಡುವುದು ತರವಲ್ಲ.

ನಾನೂ ಈ ಪಾಠವನ್ನು ದುಡ್ಡು ಕೊಟ್ಟೇ ಕಲಿತದ್ದು. ವರ್ಷಗಟ್ಟಲೆ ಸೇರಿಸಿದ್ದ ಪಾಯಿಂಟುಗಳನ್ನು ಬಳಸಲು ಒಂದು ಭಾನುವಾರ ಪುರುಸೊತ್ತು ಮಾಡಿಕೊಂಡು ಕುಳಿತರೆ, ಅವಧಿ ಮುಗಿದು ಎರಡು ತಿಂಗಳಾಗಿತ್ತು. ಬಿಲ್ಲಿನ ಕೊನೆಯ ಪುಟದಲ್ಲಿ, ಸಾಸಿವೆಯಷ್ಟು ಚಿಕ್ಕ ಅಕ್ಷರದಲ್ಲಿ, ಆ ದಿನಾಂಕ ಪ್ರತಿ ತಿಂಗಳೂ ಅಚ್ಚಾಗಿಯೇ ಬರುತ್ತಿತ್ತು. ಪ್ರತಿ ತಿಂಗಳೂ ನಾನು ನೋಡುತ್ತಿದ್ದದ್ದು ಕಟ್ಟಬೇಕಾದ ಮೊತ್ತವನ್ನು ಮಾತ್ರ.

ಇನ್ನೊಂದು ಸೂಕ್ಷ್ಮವಿದೆ. ಪಾಯಿಂಟುಗಳನ್ನು ಅನೇಕ ಕಾರ್ಡ್‌ಗಳು ಇಡಿ ತುಂಡುಗಳಿಗೆ ಮಾತ್ರ ಕೊಡುತ್ತವೆ. ಪ್ರತಿ 150ರ ಖರ್ಚಿಗೆ 2 ಪಾಯಿಂಟ್, ಪಾಯಿಂಟಿಗೆ 0.25 ಎಂದಿಟ್ಟುಕೊಳ್ಳಿ. 150ಕ್ಕೆ 0.50 ಸಿಕ್ಕಿತು, ಅಂದರೆ ಶೇ 0.33. ಆದರೆ 290ರ ಬಿಲ್ಲಿಗೂ ಸಿಗುವುದು ಅದೇ 2 ಪಾಯಿಂಟ್. ಮಿಕ್ಕ 140 ಲೆಕ್ಕಕ್ಕೆ ಬರುವುದಿಲ್ಲ. ದರ ಶೇ 0.17ಕ್ಕೆ ಬಿತ್ತು. 149ರ ಬಿಲ್ಲಿಗೆ ಏನೂ ಇಲ್ಲ. ಚಿಲ್ಲರೆ ಖರ್ಚೇ ಹೆಚ್ಚಿರುವವರಿಗೆ ಇದು ಸದ್ದಿಲ್ಲದೆ ಆಗುವ ಸೋರಿಕೆ.

ಪಾಯಿಂಟಿನ ಕಾರ್ಡ್ ಒಪ್ಪುವುದು ಒಂದೇ ಬಗೆಯವರಿಗೆ: ವರ್ಷಕ್ಕೆ ಹಲವು ಬಾರಿ ವಿಮಾನದಲ್ಲಿ ಓಡಾಡುವ, ಪ್ರಯಾಣದ ದಿನಾಂಕವನ್ನು ಹಿಂದೆ ಮುಂದೆ ಮಾಡಿಕೊಳ್ಳಬಲ್ಲ, ಪಾಯಿಂಟುಗಳನ್ನು ವಿಮಾನಯಾನ ಸಂಸ್ಥೆಯ ಮೈಲುಗಳಾಗಿ ಬದಲಾಯಿಸುವ ಲೆಕ್ಕಾಚಾರದಲ್ಲಿ ಬೇಸರವಿಲ್ಲದವರಿಗೆ. ಅಂತಹವರಿಗೆ ಕ್ಯಾಶ್‌ಬ್ಯಾಕಿಗಿಂತ ಹೆಚ್ಚೇ ಸಿಗಬಹುದು. ನೀವು ಇನ್ನೂ ಒಂದು ಪ್ರವಾಸಕ್ಕೆ ಕೂಡಿಡುತ್ತಿರುವವರಾದ್ದರಿಂದ, ಇರುವ ಪಾಯಿಂಟುಗಳನ್ನು ಬಿಲ್ಲಿಗೆ ಜಮೆ ಮಾಡಿಸುವ ದಾರಿ ಇದ್ದರೆ ಈ ತಿಂಗಳೇ ಮಾಡಿಸಿ ಕ್ಯಾಶ್‌ಬ್ಯಾಕ್ ಕಾರ್ಡಿಗೆ ಬನ್ನಿ. ಉಡುಗೊರೆಗಳ ಪಟ್ಟಿಯಿಂದ ಮಿಕ್ಸರ್, ಸೂಟ್‌ಕೇಸ್ ಆರಿಸುವ ಮುನ್ನ ಅದೇ ವಸ್ತು ಹೊರಗೆ ಎಷ್ಟಕ್ಕೆ ಸಿಗುತ್ತದೆ ಎಂದು ವಿಚಾರಿಸಿ. ಪಟ್ಟಿಯಲ್ಲಿ ಪಾಯಿಂಟಿನ ಬೆಲೆ ಸಾಮಾನ್ಯವಾಗಿ ಇನ್ನೂ ಕಡಿಮೆ ಬೀಳುತ್ತದೆ.

ಪ್ರಶ್ನೆ: ಔಷಧಿ ಅಂಗಡಿಯ ಖರ್ಚಿಗೆ ಶೇ 3 ಕ್ಯಾಶ್‌ಬ್ಯಾಕ್ ಎಂದು ಕಾರ್ಡ್ ತೆಗೆದುಕೊಂಡೆ. ತಾಯಿಯವರ ಔಷಧಿಗೆ ಪ್ರತಿ ತಿಂಗಳೂ ದೊಡ್ಡ ಮೊತ್ತ ಹೋಗುತ್ತದೆ. ಮೂರು ತಿಂಗಳಾದರೂ ಒಂದು ಕಾಸೂ ಬಂದಿಲ್ಲ. ಗ್ರಾಹಕ ಸೇವೆಯವರು ‘ಈ ವಹಿವಾಟು ಅರ್ಹವಲ್ಲ’ ಎಂದಷ್ಟೇ ಹೇಳುತ್ತಾರೆ.

ಉತ್ತರ: ಆ ಔಷಧಿ ಅಂಗಡಿ ಆಸ್ಪತ್ರೆಯ ಆವರಣದೊಳಗೆ ಇದೆಯೇ? ನೀವು ಬರೆದಿಲ್ಲ, ಆದರೆ ನನ್ನ ಅನುಮಾನ ಅಲ್ಲಿಗೇ ಹೋಗುತ್ತದೆ.

ನೀವು ಏನು ಕೊಂಡಿರಿ ಎಂಬುದು ಕಾರ್ಡಿಗೆ ಸಾಮಾನ್ಯವಾಗಿ ಕಾಣುವುದಿಲ್ಲ. ಯಾರು ಮಾರಿದರು ಎಂಬುದು ಮಾತ್ರ ಕಾಣುತ್ತದೆ. ಕಾರ್ಡ್ ಯಂತ್ರ ಪಡೆದ ಪ್ರತಿಯೊಬ್ಬ ವ್ಯಾಪಾರಿಗೂ ಅವರ ಬ್ಯಾಂಕು ನಾಲ್ಕಂಕಿಯ ಒಂದು ವರ್ಗ ಸಂಕೇತವನ್ನು ಕೊಟ್ಟಿರುತ್ತದೆ. ದಿನಸಿ ಅಂಗಡಿ ಮತ್ತು ಸೂಪರ್‌ಮಾರ್ಕೆಟ್‌ಗಳಿಗೆ 5411, ಔಷಧಿ ಅಂಗಡಿಗೆ 5912, ಆಸ್ಪತ್ರೆಗೆ 8062, ಹೀಗೆ. ಆಸ್ಪತ್ರೆಯವರು ತಮ್ಮ ಯಂತ್ರವನ್ನೇ ಔಷಧಿ ಕಿಟಕಿಯಲ್ಲೂ ಇಟ್ಟಿದ್ದರೆ, ನೀವು ಕೊಂಡದ್ದು ಬರೀ ಮಾತ್ರೆಗಳಾದರೂ ವಹಿವಾಟು 8062ರ ಅಡಿಯಲ್ಲಿ ದಾಖಲಾಗುತ್ತದೆ. ಬ್ಯಾಂಕಿನ ಗಣಕಕ್ಕೆ ಅದು ಔಷಧಿಯಲ್ಲ, ಆಸ್ಪತ್ರೆಯ ಬಿಲ್ಲು. ನಡುವೆ ಬೇರೊಂದು ಆ್ಯಪ್ ಮೂಲಕ ಹಣ ಕಟ್ಟಿದಾಗಲೂ ಸಂಕೇತ ಬದಲಾಗಬಹುದು.

ಬಿಲ್ಲಿನಲ್ಲಿ ವ್ಯಾಪಾರಿಯ ಹೆಸರು ಹೇಗೆ ಅಚ್ಚಾಗಿದೆ ಎಂಬುದನ್ನು ನೋಡಿ. ಆಸ್ಪತ್ರೆಯ ಹೆಸರೇ ಇದ್ದರೆ ಅನುಮಾನ ಖಚಿತವಾಗುತ್ತದೆ. ಬ್ಯಾಂಕಿಗೆ ಬರೆಯುವಾಗ ‘ಏಕೆ ಬಂದಿಲ್ಲ’ ಎಂದು ಕೇಳದೆ, ‘ಈ ದಿನಾಂಕದ ಈ ವಹಿವಾಟು ಯಾವ ವ್ಯಾಪಾರಿ ವರ್ಗ ಸಂಕೇತದಲ್ಲಿ ದಾಖಲಾಗಿದೆ’ ಎಂದು ಕೇಳಿ. ನಿರ್ದಿಷ್ಟ ಪ್ರಶ್ನೆಗೆ ನಿರ್ದಿಷ್ಟ ಉತ್ತರ ಕೊಡದೆ ಜಾರಿಕೊಳ್ಳುವುದು ಕಷ್ಟ. ಮುಂದಿನ ತಿಂಗಳ ಔಷಧಿಯಲ್ಲಿ ಒಂದೆರಡನ್ನು ಆವರಣದ ಹೊರಗಿನ ಪ್ರತ್ಯೇಕ ಔಷಧಿ ಅಂಗಡಿಯಲ್ಲಿ ಕೊಂಡು ನೋಡಿ. ಕ್ಯಾಶ್‌ಬ್ಯಾಕ್ ಬಂದರೆ ಉಳಿದದ್ದನ್ನೂ ಅಲ್ಲಿಗೇ ಬದಲಾಯಿಸಬಹುದು.

ಪ್ರಶ್ನೆ: ನನ್ನ ಕಾರ್ಡಿನಲ್ಲಿ ವರ್ಷಕ್ಕೆ 3,00,000 ಖರ್ಚಾದರೆ 3,000ದ ಹೆಚ್ಚುವರಿ ಬಹುಮಾನವಿದೆ. ಈಗ 2,60,000 ಆಗಿದೆ, ವರ್ಷ ಮುಗಿಯಲು ಇನ್ನು ಐದು ವಾರ. ಹೊಸ ಮೊಬೈಲ್ ಕೊಂಡು ಗುರಿ ಮುಟ್ಟಿಬಿಡಲೇ?

ಉತ್ತರ: ಮೊಬೈಲ್ ಹೇಗೂ ಬೇಕಿತ್ತೇ ಎಂಬುದೊಂದೇ ಪ್ರಶ್ನೆ. ಬೇಕಿದ್ದರೆ 40,000ಕ್ಕೆ 3,000, ಅಂದರೆ ಶೇ 7.5ರ ರಿಯಾಯಿತಿ ಸಿಕ್ಕಂತೆ, ಸಂತೋಷದಿಂದ ಕೊಳ್ಳಿ. ಬೇಡವಾಗಿದ್ದರೆ 3,000 ಪಡೆಯಲು 40,000 ತೆತ್ತಂತೆ.

ಗುರಿ ಹತ್ತಿರವಾದಂತೆ ಓಟ ಬಿರುಸಾಗುವುದು ನಿಮ್ಮೊಬ್ಬರ ಸ್ವಭಾವವಲ್ಲ. 1930ರ ದಶಕದಲ್ಲೇ ಕ್ಲಾರ್ಕ್ ಹಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇಲಿಗಳು ಗುರಿಯ ಸಮೀಪಕ್ಕೆ ಬಂದಷ್ಟೂ ವೇಗ ಹೆಚ್ಚಿಸುವುದನ್ನು ಗಮನಿಸಿ ಬರೆದಿದ್ದರು. ಕಾರ್ಡಿನ ಆ್ಯಪ್‌ನಲ್ಲಿ ‘ಇನ್ನು 40,000 ಮಾತ್ರ’ ಎಂದು ತುಂಬುತ್ತಾ ಬರುವ ಹಸಿರು ಪಟ್ಟಿಯನ್ನು ಕಂಡಾಗಲೆಲ್ಲ ನನಗೆ ಆ ಇಲಿಗಳ ನೆನಪಾಗುತ್ತದೆ. ಕಾರ್ಡ್ ಕೈಯಲ್ಲಿದ್ದಾಗ ಬೆಲೆ ಹಗುರವಾಗಿ ಕಾಣುತ್ತದೆ ಎಂಬುದಕ್ಕೂ ಸಾಕ್ಷ್ಯವಿದೆ: ಎಂಐಟಿಯ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸೈಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕ್ರೀಡಾಪಂದ್ಯದ ಟಿಕೆಟ್ಟುಗಳಿಗೆ ಕಾರ್ಡಿನಲ್ಲಿ ಹಣ ಕೊಡಬೇಕಾದವರು ನಗದು ಕೊಡಬೇಕಾದವರಿಗಿಂತ ಸುಮಾರು ಇಮ್ಮಡಿ ಬೆಲೆ ಕೂಗಿದ್ದರು. ಶೇ 1ರ ಕ್ಯಾಶ್‌ಬ್ಯಾಕ್ ಇದರ ಮುಂದೆ ಎಷ್ಟರದು?

ಮುಂದಿನ ಎರಡು ಮೂರು ತಿಂಗಳಲ್ಲಿ ಹೇಗಿದ್ದರೂ ಬರಲಿರುವ ಖರ್ಚನ್ನು ಮುಂಚಿತವಾಗಿ ಮಾಡಬಹುದಾದರೆ ಅದು ಬೇರೆ ಮಾತು. ಆ ಬಗೆಯ ಖರ್ಚು ಗುರಿಯ ಎಣಿಕೆಗೆ ಸೇರುತ್ತದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿ. ಕೊಂಡದ್ದನ್ನು ಹಿಂದಿರುಗಿಸಿದರೆ ಆ ಮೊತ್ತ ಎಣಿಕೆಯಿಂದ ಕಳೆಯುತ್ತದೆ, ಕೊಟ್ಟ ಬಹುಮಾನವನ್ನೂ ವಾಪಸು ಪಡೆಯುತ್ತಾರೆ.

ಪ್ರಶ್ನೆ: ಪ್ರತಿ ತಿಂಗಳು ಬಿಲ್ಲಿನ ಕನಿಷ್ಠ ಮೊತ್ತವನ್ನು ತಪ್ಪದೆ ಕಟ್ಟುತ್ತೇನೆ. ನನಗೆ ಹೆಚ್ಚು ಕ್ಯಾಶ್‌ಬ್ಯಾಕ್ ಕೊಡುವ ಕಾರ್ಡ್ ಯಾವುದು?

ಉತ್ತರ: ಯಾವುದೂ ಅಲ್ಲ. ಬಿಲ್ಲು ಪೂರ್ತಿ ಕಟ್ಟದ ತಿಂಗಳಿಂದ ಬಡ್ಡಿರಹಿತ ಅವಧಿ ಸಾಮಾನ್ಯವಾಗಿ ರದ್ದಾಗುತ್ತದೆ, ಹೊಸ ಖರೀದಿಗಳಿಗೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ತಿಂಗಳಿಗೆ ಶೇ 3 ಬಡ್ಡಿ ಎಂದರೆ ಚಕ್ರಬಡ್ಡಿಯ ಲೆಕ್ಕದಲ್ಲಿ ವರ್ಷಕ್ಕೆ ಶೇ 42ಕ್ಕೂ ಮೇಲೆ. 20,000 ಬಾಕಿಗೆ ಒಂದು ತಿಂಗಳ ಬಡ್ಡಿ 600. ಅದೇ 20,000ದ ಖರ್ಚಿಗೆ ಶೇ 1ರಂತೆ ಬರುವ ಕ್ಯಾಶ್‌ಬ್ಯಾಕ್ 200. ತಾವು ಈಗ ಹುಡುಕಬೇಕಾದದ್ದು ಕಡಿಮೆ ಬಡ್ಡಿಯ ವೈಯಕ್ತಿಕ ಸಾಲವನ್ನೋ, ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಾಗಿ ಪರಿವರ್ತಿಸುವ ಸೌಲಭ್ಯವನ್ನೋ. ಬಾಕಿ ತೀರುವವರೆಗೆ ಕಾರ್ಡನ್ನು ಕಪಾಟಿನಲ್ಲಿಡಿ. ತೀರಿದ ಮೇಲೆ ಬರೆಯಿರಿ, ಆಗ ಕ್ಯಾಶ್‌ಬ್ಯಾಕ್ ವಿಷಯ ಮಾತಾಡೋಣ.

ಪ್ರಶ್ನೆ: ನಮ್ಮ ಮನೆಯವರು ಪ್ರತಿಯೊಂದು ಖರ್ಚಿಗೂ ಒಂದೊಂದು ಕಾರ್ಡ್ ಎಂದು ಆರು ಕಾರ್ಡ್ ಮಾಡಿಸಿದ್ದಾರೆ. ಯಾವುದರ ಬಿಲ್ಲು ಯಾವಾಗ ಬರುತ್ತದೆಂದು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿದೆ. ಇದರಿಂದ ನಿಜವಾಗಿ ಲಾಭವಿದೆಯೇ?

ಉತ್ತರ: ಲಾಭ ಅವರದು, ದುಡಿಮೆ ನಿಮ್ಮದು ಎಂದಾಯಿತು! ಮೇಲಿನ ಮೊದಲ ಉತ್ತರದಲ್ಲಿ ಎಲ್ಲ ಖರ್ಚನ್ನೂ ಶೇ 5ರ ಕಾರ್ಡಿನಲ್ಲೇ ಮಾಡಿದರೆ 3,900, ಸಾದಾ ಕಾರ್ಡನ್ನೂ ಜೊತೆಗೆ ಬಳಸಿದರೆ 4,500 ಬಂದದ್ದನ್ನು ಗಮನಿಸಿ. ಎರಡನೆಯ ಕಾರ್ಡ್ ತಂದದ್ದು ವರ್ಷಕ್ಕೆ 600. ಮೂರನೆಯದು ತರುವುದು ಅದಕ್ಕಿಂತ ಕಡಿಮೆ, ಏಕೆಂದರೆ ದೊಡ್ಡ ಖರ್ಚುಗಳು ಅಷ್ಟರಲ್ಲಿ ಹಂಚಿಹೋಗಿರುತ್ತವೆ. ಆರನೆಯದು ತರುವ ಚಿಲ್ಲರೆಯನ್ನು ಒಂದೇ ಒಂದು ಬಿಲ್ಲಿನ ತಡಪಾವತಿ ಶುಲ್ಕ ನುಂಗಿಬಿಡಬಹುದು. ದರಗಳು ಇಳಿದಂತೆ ಕಾರ್ಡ್‌ಗಳ ನಡುವಿನ ಅಂತರವೂ ಕಿರಿದಾಗುತ್ತದೆಯಾದ್ದರಿಂದ ಈ ಸರ್ಕಸ್ಸಿನ ಫಲ ಇನ್ನೂ ಕಡಿಮೆ. ಹೆಚ್ಚಿನ ಮನೆಗಳಿಗೆ ಎರಡು ಸಾಕು. ಕಳೆದ ಹನ್ನೆರಡು ತಿಂಗಳಲ್ಲಿ ಪ್ರತಿ ಕಾರ್ಡ್ ಎಷ್ಟು ತಂದಿತು, ಎಷ್ಟು ಶುಲ್ಕ ತಿಂದಿತು ಎಂದು ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡಿ. ಆ ಹಾಳೆಯನ್ನು ಅವರ ಕೈಯಲ್ಲೇ ಬರೆಸಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ದರ ಇಳಿಸಿದ ಸಿಟ್ಟಿಗೆ ಹಳೆಯ ಕಾರ್ಡನ್ನು ಮುಚ್ಚಿಬಿಡಬೇಕೆಂದಿದ್ದೇನೆ. ಮುಚ್ಚಿದರೆ ತೊಂದರೆಯಿದೆಯೇ?

ಉತ್ತರ: ಸಿಟ್ಟಿನಲ್ಲಿ ಮಾಡಬೇಡಿ, ಕ್ರಮವಾಗಿ ಮಾಡಿ. ಮೊದಲು ಅದೇ ಬ್ಯಾಂಕಿಗೆ ಫೋನ್ ಮಾಡಿ, ಶುಲ್ಕವಿಲ್ಲದ ಕಾರ್ಡಿಗೆ ಬದಲಾಯಿಸಿಕೊಡುವಿರಾ ಎಂದು ಕೇಳಿ. ಮುಚ್ಚುತ್ತೇನೆ ಎಂದಾಗ ಶುಲ್ಕವನ್ನೇ ಮನ್ನಾ ಮಾಡಿದ ಉದಾಹರಣೆಗಳೂ ಇವೆ. ಬದಲಾಯಿಸಿಕೊಂಡರೆ ಹಳೆಯ ಖಾತೆಯ ಇತಿಹಾಸ ಮತ್ತು ಸಾಲಮಿತಿ ಎರಡೂ ಉಳಿಯುವ ಸಾಧ್ಯತೆ ಹೆಚ್ಚು. ಈ ಮಿತಿಗೆ ಬೆಲೆಯಿದೆ. ನಿಮ್ಮಲ್ಲಿ ತಲಾ 1,00,000 ಮಿತಿಯ ಎರಡು ಕಾರ್ಡ್‌ಗಳಿದ್ದು ತಿಂಗಳಿಗೆ 40,000 ಬಳಸುತ್ತಿದ್ದರೆ ಬಳಕೆ ಶೇ 20. ಒಂದನ್ನು ಮುಚ್ಚಿದ ಮರುದಿನ, ಖರ್ಚು ಒಂದಿಷ್ಟೂ ಹೆಚ್ಚದೆ, ಅದು ಶೇ 40 ಆಗುತ್ತದೆ. ಕ್ರೆಡಿಟ್ ಸ್ಕೋರ್ ಲೆಕ್ಕ ಹಾಕುವವರು ಈ ಪ್ರಮಾಣವನ್ನು ಗಮನಿಸುತ್ತಾರೆ. ಕೆಲವೇ ತಿಂಗಳಲ್ಲಿ ಮನೆಸಾಲಕ್ಕೆ ಅರ್ಜಿ ಹಾಕುವ ಯೋಚನೆ ಇದ್ದರೆ ಮುಚ್ಚುವುದನ್ನು ಆಮೇಲೆ ಇಟ್ಟುಕೊಳ್ಳಿ.

ಮುಚ್ಚುವುದೇ ಸರಿ ಎಂದಾದರೆ ಪಾಯಿಂಟುಗಳನ್ನೂ ಜಮೆಯಾಗದ ಕ್ಯಾಶ್‌ಬ್ಯಾಕನ್ನೂ ಮೊದಲು ಪಡೆದುಕೊಳ್ಳಿ, ಏಕೆಂದರೆ ಖಾತೆ ಮುಚ್ಚಿದ ಕೂಡಲೇ ಅವು ಸಾಮಾನ್ಯವಾಗಿ ಹೋದವು ಎಂದೇ ಲೆಕ್ಕ. ಆ ಕಾರ್ಡಿಗೆ ಜೋಡಿಸಿದ ಫೋನ್ ಬಿಲ್ಲು, ಚಂದಾ, ವಿಮೆಯ ಕಂತುಗಳನ್ನು ಬೇರೆ ಕಾರ್ಡಿಗೆ ಬದಲಾಯಿಸಿ, ಒಂದು ಪೂರ್ತಿ ಬಿಲ್ಲಿನ ಅವಧಿ ಕಾದು, ಏನೂ ಹೊಸದಾಗಿ ಬೀಳಲಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ. ಬಾಕಿ ಕಟ್ಟಿದ ಮೇಲೂ ಕೊನೆಯ ಕೆಲವು ದಿನಗಳ ಬಡ್ಡಿಯೆಂದು ಚಿಕ್ಕ ಮೊತ್ತವೊಂದು ಮುಂದಿನ ಬಿಲ್ಲಿನಲ್ಲಿ ಬರುವುದುಂಟು. ಅದನ್ನೂ ತೀರಿಸಿ, ಬಾಕಿಯಿಲ್ಲ ಎಂಬ ಪತ್ರವನ್ನು ಲಿಖಿತವಾಗಿ ಪಡೆದು ಇಟ್ಟುಕೊಳ್ಳಿ. ಕಾರ್ಡನ್ನು ಕತ್ತರಿಸುವುದು ಆ ಪತ್ರ ಕೈಗೆ ಬಂದ ನಂತರ. ಕತ್ತರಿಸುವಾಗ ಚಿಪ್ಪಿನ ನಡುವೆಯೇ ಕತ್ತರಿ ಹಾಯಲಿ.